ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ: ಚಿತ್ರಗಳನ್ನು ತಾಳೆ ನೋಡುವ ಬಗ್ಗೆ ಓದುಗರ ಪ್ರಶ್ನೆಗಳು

ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ವ್ಯತ್ಯಾಸ ಹುಡುಕುವ ತಂತ್ರಾಂಶಗಳ ಬಗ್ಗೆ ಬಂದ ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಕಮಾಂಡ್‌ಗಳನ್ನು ಕನ್ನಡ ಲಿಪಿಯಲ್ಲೇ ಮುದ್ರಿಸಿದ್ದೇವೆ. ಕಂಪ್ಯೂಟರಿನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿಕೊಳ್ಳಿ.

ಪ್ರಶ್ನೆ: ನಾನು ತೆಗೆದ ಮದುವೆ ಫೋಟೊವೊಂದು ಗಿರಾಕಿಯಿಂದ ವಾಟ್ಸ್‌ಆ್ಯಪ್‌ನಲ್ಲಿ ವಾಪಸ್ ಬಂತು. ಆಲ್ಬಮ್‌ಗೆ ಇದನ್ನೇ ಹಾಕಿ ಎನ್ನುತ್ತಿದ್ದಾರೆ. ಮೂಲ ಫೋಟೊ ಜೊತೆ, ಕಮಾಂಡ್ ಕೊಟ್ಟು ಚಿತ್ರ ಹೋಲಿಸುವ ತಂತ್ರಾಂಶವಾದ ಇಮೇಜ್‌ಮ್ಯಾಜಿಕ್‌ನಲ್ಲಿ ಹೋಲಿಸಿದರೆ ಫಲಿತಾಂಶದ ಚಿತ್ರ ಪೂರ್ತಿ ಕೆಂಪು. ಕಣ್ಣಿಗೆ ಮಾತ್ರ ಎರಡೂ ಒಂದೇ. ಯಾರಾದರೂ ತಿದ್ದಿದ್ದಾರೋ ಇಲ್ಲವೋ ತಿಳಿಯುವುದು ಹೇಗೆ?
— ಸ್ಟುಡಿಯೊ ಮಾಲೀಕರು, ಶಿವಮೊಗ್ಗ

ಉತ್ತರ: ಆ ಕೆಂಪು ತಿದ್ದಿದ್ದಕ್ಕೆ ಸಾಕ್ಷಿಯಲ್ಲ. ಬೇರೇನೂ ಹೇಳದಿದ್ದರೆ ಇಮೇಜ್‌ಮ್ಯಾಜಿಕ್‌ನ ಕಂಪೇರ್ ಕಮಾಂಡ್ ಬಹಳ ಕಟ್ಟುನಿಟ್ಟು. ಒಂದು ಪಿಕ್ಸೆಲ್‌ನ ಬಣ್ಣ 255 ಮೆಟ್ಟಿಲುಗಳಲ್ಲಿ ಒಂದೇ ಮೆಟ್ಟಿಲು ಸರಿದರೂ ಅದನ್ನು ‘ಬೇರೆ’ ಎಂದು ಕೆಂಪು ಬಳಿದುಬಿಡುತ್ತದೆ. ವಾಟ್ಸ್‌ಆ್ಯಪ್ ಫೋಟೊವನ್ನು ಕುಗ್ಗಿಸಿ, ಜೆಪೆಗ್ ಆಗಿ ಮತ್ತೊಮ್ಮೆ ಒತ್ತಿ ಕಳಿಸುತ್ತದೆ. ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಕತ್ತರಿಸಿ ಪ್ರತಿ ಚೌಕದ ಸೂಕ್ಷ್ಮ ವಿವರವನ್ನು ಸ್ವಲ್ಪ ಸ್ವಲ್ಪ ಕೈಬಿಡುವ ವಿಧಾನ. ಹೀಗಾಗಿ ಬಹುತೇಕ ಎಲ್ಲ ಪಿಕ್ಸೆಲ್‌ಗಳೂ ಒಂದೆರಡು ಮೆಟ್ಟಿಲು ಅತ್ತಿತ್ತ ಆಗಿರುತ್ತವೆ.

ಹೋಲಿಸುವ ಮೊದಲು ಎರಡು ಕೆಲಸ ಮಾಡಿಕೊಳ್ಳಿ. ಮೊದಲನೆಯದು ದಿಕ್ಕು. ಫೋನ್ ಮತ್ತು ಕ್ಯಾಮೆರಾಗಳು ಫೋಟೊವನ್ನು ನಿಜವಾಗಿ ತಿರುಗಿಸದೆ, ‘ಹೀಗೆ ತಿರುಗಿಸಿ ತೋರಿಸು’ ಎಂಬ ಸೂಚನೆಯನ್ನು ಫೈಲ್‌ನ ಎಕ್ಸಿಫ್ ಮಾಹಿತಿಯಲ್ಲಿ 1ರಿಂದ 8ರವರೆಗಿನ ಒಂದು ಅಂಕಿಯಾಗಿ ಬರೆದಿಡುತ್ತವೆ. ಒಂದು ಫೈಲ್‌ನಲ್ಲಿ ಆ ಅಂಕಿ ಇದ್ದು ಇನ್ನೊಂದರಲ್ಲಿ ಅಳಿಸಿ ಹೋಗಿದ್ದರೆ ಅಡ್ಡ ಫೋಟೊವನ್ನು ಉದ್ದ ಫೋಟೊ ಜೊತೆ ಹೋಲಿಸಿದಂತಾಗುತ್ತದೆ. ಎರಡಕ್ಕೂ ‘-ಆಟೊ-ಓರಿಯೆಂಟ್’ ಕೊಟ್ಟು ಪಿಎನ್‌ಜಿ ಆಗಿ ಉಳಿಸಿ. ಎರಡನೆಯದು ಅಳತೆ. ಮೂಲ ಫೋಟೊ 4000×3000, ಬಂದದ್ದು ಅದಕ್ಕಿಂತ ಚಿಕ್ಕದು ಎಂದಾದರೆ ದೊಡ್ಡದನ್ನು ಚಿಕ್ಕದರ ಅಳತೆಗೆ ಇಳಿಸಿ. ಚಿಕ್ಕದನ್ನು ಹಿಗ್ಗಿಸಬೇಡಿ. ಹಿಗ್ಗಿಸಿದರೆ ತಂತ್ರಾಂಶ ತಾನೇ ಊಹಿಸಿ ತುಂಬಿದ ಪಿಕ್ಸೆಲ್‌ಗಳೂ ವ್ಯತ್ಯಾಸವಾಗಿ ಕಾಣುತ್ತವೆ.

ಆಮೇಲೆ ಈ ಕಮಾಂಡ್: ‘ಮ್ಯಾಜಿಕ್ ಕಂಪೇರ್ -ಮೆಟ್ರಿಕ್ ಎಇ -ಫಜ್ 5%’, ಅದರ ಮುಂದೆ ಮೊದಲ ಫೈಲ್, ಎರಡನೆಯ ಫೈಲ್, ಫಲಿತಾಂಶದ ಫೈಲ್‌ನ ಹೆಸರು. ‘ಎಇ’ ಎಂದರೆ ಬೇರೆಯಾದ ಪಿಕ್ಸೆಲ್‌ಗಳ ಎಣಿಕೆ. ‘ಫಜ್’ ಎಂದರೆ ಎಷ್ಟು ಬಣ್ಣವ್ಯತ್ಯಾಸವನ್ನು ಕ್ಷಮಿಸಬೇಕು ಎಂಬುದು. ಬೂದು ಬಣ್ಣದಲ್ಲಿ ಹೇಳುವುದಾದರೆ 5% ಎಂದರೆ 255ರಲ್ಲಿ ಸುಮಾರು 13 ಮೆಟ್ಟಿಲು. ಈಗಲೂ ಕೆಂಪು ಚುಕ್ಕೆಗಳು ಉಳಿಯುತ್ತವೆ, ಆದರೆ ಅವು ಎಲ್ಲಿವೆ ಎಂದು ನೋಡಿ. ಸೀರೆಯ ಜರಿ, ಕೂದಲು, ಹೂವಿನ ಮಾಲೆಯ ಅಂಚಿನಲ್ಲಿ ಹಿಟ್ಟು ಉದುರಿಸಿದಂತೆ ಚದುರಿದ್ದರೆ ಅದು ಜೆಪೆಗ್ ಮಾಡಿದ ಗದ್ದಲ. ಒಂದೇ ಕಡೆ ಗುಂಪುಗಟ್ಟಿದ್ದರೆ, ಅಂದರೆ ಹಿನ್ನೆಲೆಯಲ್ಲಿ ನಿಂತಿದ್ದವರ ಜಾಗದಲ್ಲೋ ಕತ್ತಿನ ಸರದ ಮೇಲೋ ಇದ್ದರೆ, ಅಲ್ಲಿ ಕೈಯಾಡಿಸಿರುವ ಸಾಧ್ಯತೆ ಹೆಚ್ಚು.

ಇದರಿಂದ ತಪ್ಪಿಸಿಕೊಳ್ಳುವ ತಿದ್ದುಪಡಿಗಳೂ ಇವೆ, ಮುಖ ನಯಗೊಳಿಸುವ ಫಿಲ್ಟರ್ ಅಂಥದ್ದು. ಅದು ದೊಡ್ಡ ಜಾಗವನ್ನು ಸ್ವಲ್ಪವೇ ಬದಲಿಸುವುದರಿಂದ 5%ರ ಒಳಗೇ ಅಡಗಿಬಿಡುತ್ತದೆ. ಅದಕ್ಕೆ ಗಿಂಪ್ ಎಂಬ ಚಿತ್ರ ತಿದ್ದುವ ಉಚಿತ ತಂತ್ರಾಂಶ ಬಳಸಿ. ಎರಡು ಫೋಟೊಗಳನ್ನೂ ‘ಓಪನ್ ಆ್ಯಸ್ ಲೇಯರ್ಸ್’ ಮೂಲಕ ತೆರೆದು ಮೇಲಿನ ಲೇಯರ್‌ನ ಮೋಡ್ ಅನ್ನು ‘ಡಿಫರೆನ್ಸ್’ಗೆ ಬದಲಿಸಿದರೆ ಒಂದೇ ಇರುವ ಜಾಗವೆಲ್ಲ ಕಪ್ಪಾಗುತ್ತದೆ. ಕಪ್ಪಿನಲ್ಲಿ ಕಪ್ಪಾಗಿ ಇರುವ ಸಣ್ಣ ವ್ಯತ್ಯಾಸ ಕಣ್ಣಿಗೆ ಕಾಣದು. ಆದ್ದರಿಂದ ಲೇಯರ್ ಮೆನುವಿನಲ್ಲಿ ‘ನ್ಯೂ ಫ್ರಮ್ ವಿಸಿಬಲ್’ ಒತ್ತಿ, ಹೊಸದಾಗಿ ಬಂದ ಲೇಯರ್‌ನ ಮೇಲೆ ‘ಲೆವೆಲ್ಸ್’ ತೆರೆದು, ಬಲತುದಿಯ ಬಿಳಿ ತ್ರಿಕೋನವನ್ನು 255ರಿಂದ 25ರ ಆಸುಪಾಸಿಗೆ ಎಳೆಯಿರಿ. ಕೆನ್ನೆ, ಹಣೆಯ ಆಕಾರ ಮಬ್ಬಾಗಿ ಬೆಳಗಿ ಎದ್ದರೆ ಫಿಲ್ಟರ್ ಬಳಸಿದ್ದಾರೆ.

ಏನೇ ಇದ್ದರೂ ವಾಟ್ಸ್‌ಆ್ಯಪ್ ಪ್ರತಿಯನ್ನು ಆಲ್ಬಮ್‌ಗೆ ಹಾಕಬೇಡಿ. ತಿದ್ದಿದ ಫೋಟೊ ಬೇಕೇ ಬೇಕು ಎಂದಾದರೆ ಅದನ್ನು ‘ಡಾಕ್ಯುಮೆಂಟ್’ ಆಗಿ ಕಳಿಸಲು ಗಿರಾಕಿಗೆ ಹೇಳಿ. ಆಗ ಫೈಲ್ ಇದ್ದದ್ದು ಇದ್ದಂತೆಯೇ ಬರುತ್ತದೆ.

ಪ್ರಶ್ನೆ: ನಮ್ಮದು ಡಿಟಿಪಿ ಕೇಂದ್ರ. 96 ಪುಟದ ಸ್ಮರಣ ಸಂಚಿಕೆಗೆ ಎರಡನೇ ಪ್ರೂಫ್‌ನ ತಿದ್ದುಪಡಿ ಹಾಕಿದೆವು. ತಿದ್ದಬೇಕಾದದ್ದು ಮಾತ್ರ ಬದಲಾಗಿದೆಯೇ, ಬೇರೆಲ್ಲೂ ಏನೂ ಕೆಟ್ಟಿಲ್ಲವೇ ಎಂದು ಹಳೆಯ ಮತ್ತು ಹೊಸ ಪಿಡಿಎಫ್‌ಗಳನ್ನು ತಾಳೆ ನೋಡಬೇಕು. ಒಂದು ತಂತ್ರಾಂಶ ‘99.99% ಒಂದೇ’ ಎಂದಿತು. ಪ್ಲೇಟ್‌ಗೆ ಕಳಿಸಬಹುದೇ?
— ಗದಗ

ಉತ್ತರ: ಆ ಅಂಕಿಯನ್ನು ನಂಬಿ ಪ್ಲೇಟ್ ಹಾಕಿಸಬೇಡಿ. ಲೆಕ್ಕ ನೋಡಿ. ಎ4 ಪುಟ 300 ಡಿಪಿಐನಲ್ಲಿ (ಇಂಚಿಗೆ 300 ಪಿಕ್ಸೆಲ್) 2480×3508, ಅಂದರೆ ಸುಮಾರು 87 ಲಕ್ಷ ಪಿಕ್ಸೆಲ್. 10 ಪಾಯಿಂಟ್ ಅಕ್ಷರದ ಪಕ್ಕದ ಒಂದು ಸೊನ್ನೆ ಹೆಚ್ಚೆಂದರೆ 200 ಪಿಕ್ಸೆಲ್ ಜಾಗ ಹಿಡಿಯುತ್ತದೆ. ‘ಬಂದ’ ಎಂಬುದು ‘ಬದ’ ಆದರೆ ಆ ಪುಟದಲ್ಲಿ ಬದಲಾದದ್ದು 0.0023%. ನಿಮ್ಮ ತಂತ್ರಾಂಶದ ಪ್ರಕಾರ 99.99% ಸರಿಯಾಗಿರುವ ಪುಟದಲ್ಲಿ ಇಂಥ ನಾಲ್ಕು ಅನುಸ್ವಾರ ಹಾರಿಹೋಗಿರಬಹುದು. ಅಕ್ಷರದ ಕೆಲಸದಲ್ಲಿ ಶೇಕಡಾವಾರು ಹೋಲಿಕೆಗೆ ಬೆಲೆಯೇ ಇಲ್ಲ. ವ್ಯತ್ಯಾಸ ಎಲ್ಲಿದೆ ಎಂಬ ಗುರುತು ಬೇಕು.

ಅದಕ್ಕೆ ‘ಡಿಫ್-ಪಿಡಿಎಫ್’ ಎಂಬ ಉಚಿತ ತಂತ್ರಾಂಶ ಸಾಕು. ‘ಡಿಫ್-ಪಿಡಿಎಫ್ --ವ್ಯೂ’ ಎಂದು ಬರೆದು ಎರಡು ಫೈಲ್‌ಗಳ ಹೆಸರು ಕೊಟ್ಟರೆ ಪುಟಗಳನ್ನು ಒಂದರ ಮೇಲೊಂದು ಇಟ್ಟು, ಒಂದರಲ್ಲಿ ಮಾತ್ರ ಇರುವುದನ್ನು ಬಣ್ಣದಲ್ಲಿ ತೋರಿಸುತ್ತದೆ. ‘--ಔಟ್‌ಪುಟ್-ಡಿಫ್=’ ಎಂದು ಒಂದು ಹೆಸರು ಕೊಟ್ಟರೆ ಫಲಿತಾಂಶವೇ ಒಂದು ಪಿಡಿಎಫ್ ಆಗುತ್ತದೆ. ಜೊತೆಗೆ ‘-ಎಂ’ ಹಾಕಿದರೆ ವ್ಯತ್ಯಾಸವಿರುವ ಸಾಲಿನ ನೇರಕ್ಕೆ ಎಡ ಅಂಚಿನಲ್ಲಿ ಗುರುತು ಬೀಳುತ್ತದೆ. ‘-ಎಸ್’ ಹಾಕಿದರೆ ಬದಲಾಗದ ಪುಟಗಳನ್ನು ಬಿಟ್ಟುಬಿಡುತ್ತದೆ. 96 ಪುಟಗಳಲ್ಲಿ 9 ಪುಟ ಮಾತ್ರ ಮುಂದೆ ಬಂದರೆ ಪ್ರೂಫ್ ಹಾಳೆಯ ಕೆಂಪು ಗುರುತುಗಳ ಜೊತೆ ಒಂದೊಂದಾಗಿ ಸರಿನೋಡುವುದು ಅರ್ಧ ಗಂಟೆಯ ಕೆಲಸ.

ಡಿಪಿಐ ಕಡಿಮೆ ಮಾಡಿ ವೇಗ ಹೆಚ್ಚಿಸಿಕೊಳ್ಳುವ ಆಸೆ ಬೇಡ. 10 ಪಾಯಿಂಟ್ ಅಕ್ಷರ 72 ಡಿಪಿಐನಲ್ಲಿ ಬರೀ 10 ಪಿಕ್ಸೆಲ್ ಎತ್ತರ. ಅದರ ಕೆಳಗಿನ ಒತ್ತಕ್ಷರಕ್ಕೆ ನಾಲ್ಕೈದು ಪಿಕ್ಸೆಲ್ ಸಿಗುತ್ತದೆ, ಅಷ್ಟರಲ್ಲಿ ತ ಒತ್ತೂ ನ ಒತ್ತೂ ಒಂದೇ ಬೊಟ್ಟು. ಪುಟವಿನ್ಯಾಸ ಸರಿದಿದೆಯೇ ಎಂದಷ್ಟೇ ನೋಡಲು 150 ಸಾಕು. ಅಕ್ಷರ ನೋಡಲು 300 ಬೇಕು.

ಈಗ ನಿಜವಾದ ತೊಡಕು. 12ನೇ ಪುಟದಲ್ಲಿ ಒಂದು ಸಾಲು ಸೇರಿಸಿದರೆ ಆ ಲೇಖನ ಮುಗಿಯುವವರೆಗೆ ಎಲ್ಲ ಸಾಲುಗಳೂ ಕೆಳಗೆ ಸರಿಯುತ್ತವೆ. ಚಿತ್ರವಾಗಿ ಹೋಲಿಸುವ ತಂತ್ರಾಂಶಕ್ಕೆ ಅಷ್ಟೂ ಪುಟಗಳು ಪೂರ್ತಿ ಬೇರೆ. ಅಂಥ ಪುಟಗಳಿಗೆ ಪಠ್ಯವನ್ನೇ ತೆಗೆದು ಹೋಲಿಸಿ. ‘ಪಿಡಿಎಫ್‌ಟುಟೆಕ್ಸ್ಟ್’ ಕಮಾಂಡಿನಿಂದ ಎರಡೂ ಪಿಡಿಎಫ್‌ಗಳ ಪಠ್ಯ ತೆಗೆದು, ಫೈಲ್ ಹೋಲಿಸುವ ತಂತ್ರಾಂಶವಾದ ವಿನ್‌ಮರ್ಜ್‌ನಲ್ಲಿ ತೆರೆಯಿರಿ. ನುಡಿ, ಬರಹ ಅಥವಾ ಶ್ರೀಲಿಪಿಯ ಹಳೆಯ ಫಾಂಟ್‌ಗಳಲ್ಲಿ ಕೆಲಸ ಮಾಡಿದ್ದರೆ ಬರುವ ಪಠ್ಯ ಓದಲಾಗದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿರುತ್ತದೆ. ಗಾಬರಿ ಬೇಡ. ಎರಡೂ ಕಡೆ ಒಂದೇ ಸಂಕೇತ ಇರುವುದರಿಂದ ಹೋಲಿಕೆ ಸರಿಯಾಗಿಯೇ ನಡೆಯುತ್ತದೆ. ಯಾವ ಸಾಲು ಬದಲಾಗಿದೆ ಎಂಬುದನ್ನು ಅಲ್ಲಿ ನೋಡಿಕೊಂಡು ಓದುವುದನ್ನು ಪಿಡಿಎಫ್‌ನಲ್ಲಿ ಓದಿದರಾಯಿತು. ಯುನಿಕೋಡ್ ಪಿಡಿಎಫ್‌ನಿಂದ ತೆಗೆದಾಗಲೂ ಸ್ವರಚಿಹ್ನೆ, ಒತ್ತುಗಳ ಕ್ರಮ ಅಡ್ಡಾದಿಡ್ಡಿ ಆಗಬಹುದು. ಎರಡೂ ಪಿಡಿಎಫ್ ಒಂದೇ ತಂತ್ರಾಂಶದಿಂದ ಬಂದಿದ್ದರೆ ಅದೂ ಎರಡು ಕಡೆ ಒಂದೇ ರೀತಿ ಆಗುತ್ತದೆ.

ಆದರೆ ಪಠ್ಯದ ಹೋಲಿಕೆಯೊಂದನ್ನೇ ನೆಚ್ಚಿಕೊಳ್ಳುವಂತೆಯೂ ಇಲ್ಲ. ಇನ್ನೊಂದು ಕಂಪ್ಯೂಟರಿನಲ್ಲಿ ಫೈಲ್ ತೆರೆದು ಪಿಡಿಎಫ್ ಮಾಡಿದಾಗ ಅಲ್ಲಿ ಫಾಂಟ್ ಬೇರೆಯಿದ್ದು ‘ಕ್ಷ’ ಬಿಡಿಸಿಕೊಂಡು ‘ಕ್‌ಷ’ ಆಗಿದ್ದರೆ ಪಠ್ಯ ಅದೇ, ಆಕಾರ ಮಾತ್ರ ಕೆಟ್ಟಿದೆ. ಇದನ್ನು ಹಿಡಿಯುವುದು ಚಿತ್ರದ ಹೋಲಿಕೆ ಮಾತ್ರ. ಹೀಗಾಗಿ ಎರಡನ್ನೂ ಮಾಡಿ. ಹಣದ ಮೊತ್ತ, ದೂರವಾಣಿ ಸಂಖ್ಯೆ, ಹೆಸರುಗಳ ಇನಿಷಿಯಲ್ ಇರುವ ಜಾಹೀರಾತು ಪುಟಗಳನ್ನು ತಂತ್ರಾಂಶ ಏನೇ ಹೇಳಲಿ, ಒಬ್ಬರು ಓದಿ ಇನ್ನೊಬ್ಬರು ಕೇಳಿಸಿಕೊಂಡು ಸರಿನೋಡಿ.

ಪ್ರಶ್ನೆ: ಎರಡು ಚಿತ್ರಗಳ ಎಸ್‌ಎಸ್‌ಐಎಂ 0.98 ಬಂದರೆ ಒಳ್ಳೆಯದೇ?
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ಮೈಸೂರು

ಉತ್ತರ: ಯಾತಕ್ಕಾಗಿ ಅಳೆದಿರಿ ಎಂಬುದರ ಮೇಲೆ ನಿಂತಿದೆ. ಎಸ್‌ಎಸ್‌ಐಎಂ ಎಂದರೆ ಎರಡು ಚಿತ್ರಗಳು ಎಷ್ಟು ಹೋಲುತ್ತವೆ ಎಂದು ಅಳೆಯುವ ಅಂಕಿ. 2004ರಲ್ಲಿ ಪ್ರಕಟವಾದ ಈ ವಿಧಾನ 11×11 ಪಿಕ್ಸೆಲ್‌ನ ಕಿಟಕಿಯೊಂದನ್ನು ಚಿತ್ರದ ಮೇಲೆ ಸರಿಸುತ್ತಾ ಪ್ರತಿ ಕಡೆ ಬೆಳಕು, ಕಾಂಟ್ರಾಸ್ಟ್, ರಚನೆ ಮೂರನ್ನೂ ಹೋಲಿಸಿ ಕೊನೆಗೆ ಸರಾಸರಿ ಹೇಳುತ್ತದೆ. ಪೂರ್ತಿ ಒಂದೇ ಇದ್ದರೆ 1. ಜೆಪೆಗ್ ಗುಣಮಟ್ಟ ಅಳೆಯಲು 0.98 ಚೆನ್ನಾಗಿದೆ. ಸರ್ಕ್ಯೂಟ್ ಬೋರ್ಡಿನಲ್ಲಿ ಒಂದು ರೆಸಿಸ್ಟರ್ ಬಿಟ್ಟುಹೋಗಿದೆಯೇ ಎಂದು ನೋಡುವುದಾದರೆ 0.98 ಏನನ್ನೂ ಹೇಳುವುದಿಲ್ಲ, ಉಳಿದ ಬೋರ್ಡೆಲ್ಲ ಸರಿಯಿದ್ದು ಸರಾಸರಿಯನ್ನು ಮೇಲೆತ್ತಿರುತ್ತದೆ. ಸರಾಸರಿ ಬಿಟ್ಟು ಎಸ್‌ಎಸ್‌ಐಎಂ ನಕ್ಷೆಯನ್ನೇ ಚಿತ್ರವಾಗಿ ಉಳಿಸಿ, ಅದರ ಅತಿ ಕಡಿಮೆ ಬೆಲೆ ಎಲ್ಲಿದೆ ಎಂದು ನೋಡಿ. ಪೈಥಾನ್‌ನ ಸೈಕಿಟ್-ಇಮೇಜ್‌ನಲ್ಲಿ ‘ಫುಲ್=ಟ್ರೂ’ ಎಂದು ಕೊಟ್ಟರೆ ಆ ನಕ್ಷೆಯೂ ಸಿಗುತ್ತದೆ.

ಪ್ರಶ್ನೆ: ನಮ್ಮ ಕನ್ನಡ ವೆಬ್‌ಸೈಟಿಗೆ, ಪುಟಗಳನ್ನು ತಾನಾಗಿಯೇ ತೆರೆದು ಪರೀಕ್ಷಿಸುವ ಪ್ಲೇರೈಟ್‌ನಲ್ಲಿ ಸ್ಕ್ರೀನ್‌ಶಾಟ್ ಪರೀಕ್ಷೆ ಬರೆದಿದ್ದೇವೆ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಪಾಸ್, ಲಿನಕ್ಸ್ ಸರ್ವರಿನಲ್ಲಿ ಪ್ರತಿ ದಿನ ಫೇಲ್. ಫೈಲ್ ಹೆಸರಿನ ಕ್ರಮ ಬದಲಿಸಿ ಎರಡೂ ಕಡೆಗೆ ಒಂದೇ ಮಾದರಿ ಚಿತ್ರ (ಹೋಲಿಸಲು ಮೊದಲೇ ತೆಗೆದಿಟ್ಟ ಸ್ಕ್ರೀನ್‌ಶಾಟ್) ಇಟ್ಟಿದ್ದೇವೆ. 1%ವರೆಗೆ ವ್ಯತ್ಯಾಸ ಬಿಡಲು ಹೇಳಿದರೂ ನಿಲ್ಲುತ್ತಿಲ್ಲ. ಇನ್ನೂ ಹೆಚ್ಚಿಸಬಹುದೇ?
— ಟೆಸ್ಟಿಂಗ್ ತಂಡ, ಬೆಂಗಳೂರು

ಉತ್ತರ: ಹೆಚ್ಚಿಸಬೇಡಿ, ಇರುವ 1% ಕೂಡ ತೆಗೆಯಿರಿ. 1280×720 ಪರದೆಯಲ್ಲಿ 9,21,600 ಪಿಕ್ಸೆಲ್. ಅದರ 1% ಎಂದರೆ 9,216, ಅಂದರೆ 96×96ರ ಒಂದು ಚೌಕ. ‘ಹಣ ಪಾವತಿಸಿ’ ಎಂಬ ಬಟನ್ನಿನ ಬರಹ ಪೂರ್ತಿ ಮಾಯವಾದರೂ ಪರೀಕ್ಷೆ ಪಾಸಾಗುವಷ್ಟು ದೊಡ್ಡ ಬಾಗಿಲು ಅದು.

ತಪ್ಪು ಇರುವುದು ಒಂದೇ ಮಾದರಿ ಚಿತ್ರವನ್ನು ಎರಡು ಕಡೆ ಬಳಸಿದ್ದರಲ್ಲಿ. ಪ್ಲೇರೈಟ್ ತಾನಾಗಿಯೇ ಮಾದರಿ ಚಿತ್ರದ ಹೆಸರಿಗೆ ಬ್ರೌಸರ್ ಮತ್ತು ಆಪರೇಟಿಂಗ್ ಸಿಸ್ಟಂ ಹೆಸರು ಸೇರಿಸುವುದು ಸುಮ್ಮನೆ ಅಲ್ಲ. ಪುಟದಲ್ಲಿ ಫಾಂಟ್ ಹೆಸರಿಸದಿದ್ದರೆ ಕನ್ನಡಕ್ಕೆ ವಿಂಡೋಸ್ ಸಾಮಾನ್ಯವಾಗಿ ನಿರ್ಮಲಾ ಯುಐ ಎತ್ತಿಕೊಳ್ಳುತ್ತದೆ. ಲಿನಕ್ಸ್ ತನ್ನಲ್ಲಿ ಇರುವುದನ್ನು, ಇದ್ದರೆ ನೋಟೋ ಸಾನ್ಸ್ ಕನ್ನಡವನ್ನು, ಎತ್ತಿಕೊಳ್ಳುತ್ತದೆ. ಎರಡರಲ್ಲೂ ಅಕ್ಷರದ ಅಗಲ ಬೇರೆ. ಎಲ್ಲೋ ಒಂದು ಪದ ಮುಂದಿನ ಸಾಲಿಗೆ ಬೀಳುತ್ತದೆ, ಅಲ್ಲಿಂದ ಕೆಳಗಿನ ಪುಟವೆಲ್ಲ ಸರಿಯುತ್ತದೆ. ಇಷ್ಟು ದೊಡ್ಡ ಸರಿತವನ್ನು ಯಾವ ರಿಯಾಯಿತಿಯೂ ಮುಚ್ಚಲಾರದು.

ಇದಕ್ಕಿಂತ ಅಪಾಯದ್ದು ಇನ್ನೊಂದಿದೆ. ಸರ್ವರಿನಲ್ಲಿ ಕನ್ನಡ ಫಾಂಟೇ ಇಲ್ಲದಿದ್ದರೆ ಅಕ್ಷರದ ಬದಲು ಖಾಲಿ ಚೌಕಗಳು ಬರುತ್ತವೆ. ಮಾದರಿ ಚಿತ್ರವನ್ನೂ ಅಲ್ಲೇ ತೆಗೆದಿದ್ದರೆ ಚೌಕಕ್ಕೆ ಚೌಕ ಸರಿಹೊಂದಿ ಪರೀಕ್ಷೆ ಪ್ರತಿ ದಿನ ಪಾಸ್. ಕನ್ನಡ ಪಠ್ಯ ತಪ್ಪಾದರೂ ಯಾರಿಗೂ ಗೊತ್ತಾಗುವುದಿಲ್ಲ. ಸರ್ವರಿನಲ್ಲಿ ‘ಎಫ್‌ಸಿ-ಲಿಸ್ಟ್ :ಲ್ಯಾಂಗ್=ಕೆಎನ್’ ಎಂದು ಕೇಳಿ. ಉತ್ತರ ಖಾಲಿ ಬಂದರೆ ಡೆಬಿಯನ್, ಉಬುಂಟುಗಳಲ್ಲಿ ‘ಫಾಂಟ್ಸ್-ನೋಟೋ-ಕೋರ್’ ಹಾಕಿಸಿ. ಪಾಸಾಗಿದ್ದರೂ ಸರಿ, ಇಂದೇ ನಿಮ್ಮ ಮಾದರಿ ಚಿತ್ರಗಳನ್ನೆಲ್ಲ ಒಮ್ಮೆ ಕಣ್ಣಲ್ಲಿ ನೋಡಿ.

ಮುಂದಿನ ದಾರಿ ಹೀಗೆ. ಫಾಂಟನ್ನು ವೆಬ್‌ಫಾಂಟ್ ಆಗಿ ಸೈಟಿನ ಜೊತೆಗೇ ಕೊಡಿ. ಸ್ಕ್ರೀನ್‌ಶಾಟ್ ತೆಗೆಯುವ ಮೊದಲು ‘ಡಾಕ್ಯುಮೆಂಟ್.ಫಾಂಟ್ಸ್.ರೆಡಿ’ಗೆ ಕಾಯಿಸಿ, ಇಲ್ಲವಾದರೆ ಒಮ್ಮೆ ಬದಲಿ ಫಾಂಟ್ ಬಂದ ಕ್ಷಣ, ಇನ್ನೊಮ್ಮೆ ನಿಜವಾದ ಫಾಂಟ್ ಬಂದ ಕ್ಷಣ ಸೆರೆಯಾಗುತ್ತದೆ. ಮಾದರಿ ತೆಗೆಯುವುದು, ಹೋಲಿಸುವುದು ಎರಡೂ ಒಂದೇ ಡಾಕರ್ ಕಂಟೈನರಿನಲ್ಲಿ (ಯಾವ ಕಂಪ್ಯೂಟರಿನಲ್ಲಿ ಓಡಿಸಿದರೂ ಒಳಗಿನ ಫಾಂಟ್, ತಂತ್ರಾಂಶ ಒಂದೇ ಇರುವ ಕಟ್ಟು) ನಡೆಯಲಿ. ಲ್ಯಾಪ್‌ಟಾಪಿನಲ್ಲಿ ಬೇಕಿದ್ದರೂ ಅದೇ ಕಂಟೈನರ್ ಓಡಿಸಿ. ದಿನಾಂಕ, ಜಾಹೀರಾತು, ಓದುಗರ ಎಣಿಕೆಯಂತೆ ಬದಲಾಗುವ ಜಾಗಗಳನ್ನು ಮುಚ್ಚಿಡಲು ‘ಮಾಸ್ಕ್’ ಕೊಡಿ. ಅನಿಮೇಷನ್ ಮತ್ತು ಮಿನುಗುವ ಕರ್ಸರನ್ನು ಪ್ಲೇರೈಟ್ ತಾನೇ ನಿಲ್ಲಿಸಿಕೊಳ್ಳುತ್ತದೆ.

ಇಷ್ಟಾದ ಮೇಲೆ ರಿಯಾಯಿತಿಯ ಮಾತು. ಪ್ಲೇರೈಟ್ ಒಳಗೆ ಹೋಲಿಕೆ ಮಾಡುವುದು ಪಿಕ್ಸೆಲ್‌ಮ್ಯಾಚ್. ಅಕ್ಷರದ ಅಂಚನ್ನು ನಯಗೊಳಿಸಲು ಹಾಕಿದ ಬೂದು ಪಿಕ್ಸೆಲ್‌ಗಳನ್ನು ಅದು ಗುರುತಿಸಿ ಲೆಕ್ಕದಿಂದ ಬಿಡುತ್ತದೆ. ‘ಥ್ರೆಶೋಲ್ಡ್’ ಒಂದು ಪಿಕ್ಸೆಲ್ ಎಷ್ಟು ಬಣ್ಣ ಬದಲಿಸಬಹುದು ಎಂಬುದು, ಪ್ಲೇರೈಟ್‌ನಲ್ಲಿ 0.2 ಇರುತ್ತದೆ. ‘ಮ್ಯಾಕ್ಸ್‌ಡಿಫ್‌ಪಿಕ್ಸೆಲ್ಸ್’ ಅಂಥ ಎಷ್ಟು ಪಿಕ್ಸೆಲ್ ಇರಬಹುದು ಎಂಬುದು. ಮೊದಲನೆಯದನ್ನು ಇದ್ದಂತೆ ಬಿಟ್ಟು ಎರಡನೆಯದಕ್ಕೆ ಶೇಕಡಾ ಬದಲು 20, 50ರಂಥ ಬಿಡಿ ಸಂಖ್ಯೆ ಕೊಡಿ. ಇಡೀ ಪುಟದ ಒಂದು ಚಿತ್ರಕ್ಕಿಂತ ಶಿರೋಭಾಗ, ಫಾರ್ಮ್, ಪಟ್ಟಿ ಎಂದು ಭಾಗಭಾಗವಾಗಿ ತೆಗೆದರೆ ಫೇಲ್ ಆದಾಗ ಎಲ್ಲಿ ಎಂಬುದು ಹೆಸರಿನಲ್ಲೇ ತಿಳಿಯುತ್ತದೆ. ‘--ಅಪ್‌ಡೇಟ್-ಸ್ನ್ಯಾಪ್‌ಶಾಟ್ಸ್’ ಓಡಿಸಿ ಬಂದ ಹೊಸ ಮಾದರಿಗಳನ್ನು ಕೋಡ್‌ನಂತೆಯೇ ಇನ್ನೊಬ್ಬರು ನೋಡಿ ಒಪ್ಪಬೇಕು, ಅವರಲ್ಲಿ ಕನ್ನಡ ಓದಬಲ್ಲವರು ಒಬ್ಬರಾದರೂ ಇರಲೇಬೇಕು.

ಪ್ರಶ್ನೆ: ಹಳೆಯ ಮನೆಯ ಗೋಡೆಯಲ್ಲಿ ಬಿರುಕು ಬಿಟ್ಟಿದೆ. ತಿಂಗಳಿಗೊಮ್ಮೆ ಫೋನಿನಲ್ಲಿ ಫೋಟೊ ತೆಗೆದಿಟ್ಟಿದ್ದೇನೆ. ಬಿರುಕು ಅಗಲವಾಗುತ್ತಿದೆಯೇ ಎಂದು ಫೋಟೊಗಳಿಂದ ಹೇಳಬಹುದೇ?
— ಧಾರವಾಡ

ಉತ್ತರ: ಇಲ್ಲಿಯವರೆಗೆ ತೆಗೆದ ಫೋಟೊಗಳಿಂದ ಕಷ್ಟ. ಇನ್ನು ಮುಂದೆ ತೆಗೆಯುವುದರಿಂದ ಹೇಳಬಹುದು.

4000 ಪಿಕ್ಸೆಲ್ ಅಗಲದ ಫೋಟೊದಲ್ಲಿ 1 ಮೀಟರ್ ಗೋಡೆ ಹಿಡಿದರೆ ಒಂದು ಪಿಕ್ಸೆಲ್ 0.25 ಮಿಲಿಮೀಟರ್. ಬಿರುಕು 0.2 ಮಿಲಿಮೀಟರ್ ಹಿಗ್ಗಿದರೂ ಅದರಲ್ಲಿ ಕಾಣುವುದಿಲ್ಲ. ಹತ್ತಿರ ಹೋಗಿ 20 ಸೆಂಟಿಮೀಟರ್ ಮಾತ್ರ ತುಂಬುವಂತೆ ತೆಗೆದರೆ ಒಂದು ಪಿಕ್ಸೆಲ್ 0.05 ಮಿಲಿಮೀಟರ್. ಬಿರುಕಿನ ಎರಡೂ ಬದಿಗೆ ಎರಡೆರಡರಂತೆ ನಾಲ್ಕು ಅಡ್ಡಗೀಟಿನ ಸ್ಟಿಕ್ಕರ್ ಅಂಟಿಸಿ, ಮೂರು ಒಂದೇ ಗೆರೆಯಲ್ಲಿ ಬರದಂತೆ ನೋಡಿಕೊಳ್ಳಿ. ಓರೆಯಾಗಿ ತೆಗೆದ ಸಪಾಟು ಗೋಡೆಯ ಫೋಟೊವನ್ನು ಇನ್ನೊಂದರ ಮೇಲೆ ಕೂರಿಸಲು ಕಡಿಮೆಯೆಂದರೆ ನಾಲ್ಕು ಜೋಡಿ ಬಿಂದುಗಳು ಬೇಕು. ಆದರೆ ಗಮನಿಸಿ, ಕೂರಿಸಲು ಬಿರುಕಿನ ಎರಡೂ ಬದಿಯ ಸ್ಟಿಕ್ಕರ್ ಬಳಸಿದರೆ ಬಿರುಕು ಹಿಗ್ಗಿದ್ದನ್ನೇ ತಂತ್ರಾಂಶ ಸರಿಪಡಿಸಿ ಮುಚ್ಚಿಬಿಡುತ್ತದೆ. ಆದ್ದರಿಂದ ಒಂದೇ ಬದಿಯಲ್ಲಿ ಇನ್ನೂ ಎರಡು ಸ್ಟಿಕ್ಕರ್ ಹಾಕಿ, ಆ ಬದಿಯ ನಾಲ್ಕರಿಂದ ಚಿತ್ರವನ್ನು ಕೂರಿಸಿ, ಎದುರು ಬದಿಯವು ಎಷ್ಟು ಸರಿದವು ಎಂದು ಅಳೆಯಿರಿ. ಚೌಕಟ್ಟಿನಲ್ಲಿ ಉಕ್ಕಿನ ಅಡಿಪಟ್ಟಿಯೊಂದು ಸದಾ ಇರಲಿ.

ಫೋನಿನ 1× ಲೆನ್ಸನ್ನೇ ಬಳಸಿ. ವೈಡ್ ಲೆನ್ಸ್ ಅಂಚಿನಲ್ಲಿ ಗೆರೆಗಳನ್ನು ಬಾಗಿಸುತ್ತದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ತೆಗೆದರೆ ಗಾರೆಯ ಉಬ್ಬುತಗ್ಗಿನ ನೆರಳು ಹೊರಳಿ, ವ್ಯತ್ಯಾಸದ ಚಿತ್ರದಲ್ಲಿ ಹೊಸ ಬಿರುಕುಗಳಂತೆ ಕಾಣುತ್ತದೆ. ಜೊತೆಗೆ ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯೊಂದನ್ನು ಎರಡು ತುದಿಗೂ ಗಟ್ಟಿಯಾಗಿ ಅಂಟಿಸಿ. ಅದು ಒಡೆದರೆ ಫೋಟೊ ಹೋಲಿಸುತ್ತ ಕೂರದೆ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ.

ಪ್ರಶ್ನೆ: ನಮ್ಮೂರ ಕೆರೆ ಒತ್ತುವರಿಯಾಗಿದೆ ಎಂದು ಉಪಗ್ರಹ ಚಿತ್ರಗಳಿಂದ ತೋರಿಸಬೇಕು. 2018ರ ಮತ್ತು ಈಚಿನ ಸೆಂಟಿನೆಲ್-2 (ಯುರೋಪಿನ ಉಪಗ್ರಹ) ಚಿತ್ರಗಳನ್ನು ಇಳಿಸಿಕೊಂಡು ನೀರಿನ ಸೂಚ್ಯಂಕ ಲೆಕ್ಕ ಹಾಕಿದರೆ ಕೆರೆ ಬಹುತೇಕ ಮಾಯ. ಅಲ್ಲಿ ಹೋಗಿ ನೋಡಿದರೆ ನೀರಿದೆ.
— ಕೋಲಾರ ಜಿಲ್ಲೆ

ಉತ್ತರ: ಮೊದಲ ಅನುಮಾನ 1000ದ ಮೇಲೆ. 2022ರ ಜನವರಿ 25ರಿಂದ ಸೆಂಟಿನೆಲ್-2 ಚಿತ್ರಗಳ ಸಂಸ್ಕರಣೆ ಬದಲಾಗಿ, ಫೈಲ್‌ನ ಪ್ರತಿ ಬೆಲೆಗೂ 1000 ಕೂಡಿಸಿಯೇ ಕೊಡುತ್ತಾರೆ. ಲೆಕ್ಕ ಹಾಕುವ ಮೊದಲು ಅದನ್ನು ಕಳೆಯಬೇಕು. ನೀರಿನ ಸೂಚ್ಯಂಕ ಎಂದರೆ ಹಸಿರು ಬೆಳಕಿನ ಬೆಲೆಯಿಂದ ಅವಗೆಂಪು (ಇನ್‌ಫ್ರಾರೆಡ್) ಬೆಳಕಿನ ಬೆಲೆ ಕಳೆದು, ಎರಡರ ಮೊತ್ತದಿಂದ ಭಾಗಿಸುವುದು. ಹಸಿರು 400, ಅವಗೆಂಪು 200 ಇದ್ದರೆ 200 ಭಾಗಿಸು 600, ಅಂದರೆ 0.33, ಸ್ಪಷ್ಟವಾಗಿ ನೀರು. ಕಳೆಯದೆ ಬಿಟ್ಟರೆ 1400, 1200. ಆಗ 200 ಭಾಗಿಸು 2600, ಅಂದರೆ 0.08. ನೀವು 0.1ಕ್ಕಿಂತ ಮೇಲಿನದ್ದನ್ನು ನೀರೆಂದು ಇಟ್ಟಿದ್ದರೆ ಕೆರೆ ಅಳಿಸಿಹೋಯಿತು. ಎರಡನೆಯ ಅನುಮಾನ ಜಲಕಳೆ. ಅಂತರಗಂಗೆ ಮುಚ್ಚಿದ ನೀರು ಉಪಗ್ರಹಕ್ಕೆ ಹಸಿರು ಹೊಲದಂತೆಯೇ ಕಾಣುತ್ತದೆ.

ಒತ್ತುವರಿಯ ವಿಷಯಕ್ಕೆ ಬಂದರೆ, ಈ ಚಿತ್ರದ ಒಂದು ಪಿಕ್ಸೆಲ್ 10×10 ಮೀಟರ್. ನಮ್ಮ ಲೆಕ್ಕದಲ್ಲಿ ಸರಿಸುಮಾರು ಒಂದು ಗುಂಟೆ. ಕೆರೆಯ ಸುತ್ತಳತೆ 2 ಕಿಲೋಮೀಟರ್ ಇದ್ದರೆ ದಡದುದ್ದಕ್ಕೂ 200 ಪಿಕ್ಸೆಲ್. ಎರಡು ಚಿತ್ರಗಳ ನಡುವೆ ದಡದ ಒಂದು ಪಿಕ್ಸೆಲ್ ಅಗಲ ಅತ್ತಿತ್ತ ಆದರೂ 200 ಗುಂಟೆ, ಅಂದರೆ 5 ಎಕರೆ ಏರುಪೇರು. ಮಳೆ ಹೆಚ್ಚು ಕಡಿಮೆಯಾಗಿ ನೀರು ಹಿಂದೆ ಸರಿದದ್ದೂ ಇದರೊಳಗೇ ಬೆರೆತಿರುತ್ತದೆ. ಹಾಗಾಗಿ ನೀರು ಕಡಿಮೆಯಾದದ್ದನ್ನು ಒತ್ತುವರಿ ಎಂದು ಅರ್ಜಿಯಲ್ಲಿ ಬರೆಯಬೇಡಿ, ಎದುರಿನವರು ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಾರೆ. ಕೆರೆ ಅಂಗಳದಲ್ಲಿ ಹೊಸದಾಗಿ ಬಂದ ಮಣ್ಣಿನ ದಿಬ್ಬ, ರಸ್ತೆ, ಕಟ್ಟಡದಂಥ ಮತ್ತೆ ಹಿಂದೆ ಸರಿಯದ ಬದಲಾವಣೆಗಳನ್ನು ಗೂಗಲ್ ಅರ್ಥ್ ಪ್ರೊನ ಹಳೆಯ ಚಿತ್ರಗಳಲ್ಲಿ ದಿನಾಂಕಸಹಿತ ಗುರುತಿಸಿ. ಒಂದೇ ತಿಂಗಳ, ಸಾಧ್ಯವಾದರೆ ಫೆಬ್ರುವರಿ-ಮಾರ್ಚ್‌ನ ಮೋಡವಿಲ್ಲದ ಚಿತ್ರಗಳನ್ನೇ ಆರಿಸಿ. ಗಡಿ ಎಲ್ಲಿದೆ ಎಂಬುದಕ್ಕೆ ಮಾತ್ರ ಸರ್ವೆ ನಕ್ಷೆಯೇ ಆಧಾರ. ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ನೋಡಿಕೊಂಡು, ಭೂಮಾಪನ ಇಲಾಖೆಯಿಂದ ಅಳತೆಗೆ ಅರ್ಜಿ ಹಾಕಿ, ಉಪಗ್ರಹ ಚಿತ್ರಗಳನ್ನು ಅದಕ್ಕೆ ಲಗತ್ತಿಸಿ.

ಪ್ರಶ್ನೆ: ಹಾರ್ಡ್ ಡಿಸ್ಕಿನಲ್ಲಿ 40,000 ಫೋಟೊ. ಒಂದೇ ಫೋಟೊ ಮೂರು ನಾಲ್ಕು ಕಡೆ. ಹೆಚ್ಚುವರಿ ಅಳಿಸುವುದು ಹೇಗೆ?
— ಉಡುಪಿ

ಉತ್ತರ: ಚ್ಕಾವ್ಕಾ, ಡಿಜಿಕ್ಯಾಮ್, ಡೂಪ್‌ಗುರು ಮೂರೂ ಉಚಿತ. ಫೈಲ್ ಅಕ್ಷರಶಃ ಒಂದೇ ಇದ್ದರೆ ಚ್ಕಾವ್ಕಾ, ಡೂಪ್‌ಗುರು ಅದನ್ನು ಹ್ಯಾಶ್ (ಫೈಲ್‌ನ ಒಳಗಿರುವುದರಿಂದ ಲೆಕ್ಕ ಹಾಕಿದ ಚಿಕ್ಕ ಗುರುತು) ನೋಡಿ ಹಿಡಿಯುತ್ತವೆ, ಅಂಥವನ್ನು ಧೈರ್ಯವಾಗಿ ಅಳಿಸಿ. ಕುಗ್ಗಿಸಿದ, ಮತ್ತೆ ಉಳಿಸಿದ ಪ್ರತಿಗಳಿಗೆ ಬೇರೆ ಉಪಾಯ. ಬಹಳ ಬಳಕೆಯಲ್ಲಿರುವ ಒಂದು ವಿಧಾನ ಚಿತ್ರವನ್ನು 9×8 ಪಿಕ್ಸೆಲ್‌ಗೆ ಇಳಿಸಿ, ಪ್ರತಿ ಸಾಲಿನಲ್ಲಿ ಪಕ್ಕದ್ದಕ್ಕಿಂತ ಬೆಳಕು ಹೆಚ್ಚೋ ಕಡಿಮೆಯೋ ಎಂದು ಬರೆದು 64 ಬಿಟ್‌ನ ಗುರುತು ಮಾಡುತ್ತದೆ. ಎರಡು ಗುರುತುಗಳಲ್ಲಿ ಐದರೊಳಗೆ ಬಿಟ್ ಬೇರೆಯಿದ್ದರೆ ಬಹುಮಟ್ಟಿಗೆ ಅದೇ ಫೋಟೊ, ಹತ್ತು ದಾಟಿದರೆ ಸಾಮಾನ್ಯವಾಗಿ ಅಲ್ಲ.

ಇದು ಎಡವುವುದು ಕಾಗದಪತ್ರಗಳಲ್ಲಿ. ಪಹಣಿ, ಅಂಕಪಟ್ಟಿ, ರಸೀದಿಗಳ ಸ್ಕ್ಯಾನ್‌ಗಳನ್ನು 9×8ಕ್ಕೆ ಇಳಿಸಿದರೆ ಎಲ್ಲವೂ ಒಂದೇ ಬಿಳಿ ಹಾಳೆ. ಅಣ್ಣನ ಅಂಕಪಟ್ಟಿಯನ್ನು ತಮ್ಮನದರ ನಕಲು ಎಂದು ಅಳಿಸಿಬಿಟ್ಟೀತು. ಅಂಥ ಫೋಲ್ಡರುಗಳನ್ನು ಹುಡುಕಾಟದಿಂದಲೇ ಹೊರಗಿಡಿ. ಉಳಿದದ್ದರಲ್ಲೂ ‘ಡಿಲೀಟ್’ ಬದಲು ‘ಮೂವ್’ ಆರಿಸಿ ಬೇರೆ ಫೋಲ್ಡರಿಗೆ ಸಾಗಿಸಿ, ಒಂದೆರಡು ತಿಂಗಳು ಬಿಟ್ಟು ಅಳಿಸಿ. ಕತ್ತರಿಸಿದ, ತಿರುಗಿಸಿದ ಫೋಟೊಗಳು ಇದರ ಕೈಗೆ ಸಿಗುವುದು ಕಡಿಮೆ.

ಪ್ರಶ್ನೆ: ಇವೆಲ್ಲ ಗೊತ್ತಿಲ್ಲದವರಿಗೆ ಸುಲಭದ ಒಂದು ವಿಧಾನ ಹೇಳಿ. ಲೇಬಲ್ ಮುದ್ರಣದಲ್ಲಿ ಹಳೆಯ ಮತ್ತು ಹೊಸ ವಿನ್ಯಾಸ ನೋಡಬೇಕು.
— ದಾವಣಗೆರೆ

ಉತ್ತರ: ಪಕ್ಕಪಕ್ಕ ಇಟ್ಟು ನೋಡಬೇಡಿ, ಒಂದೇ ಜಾಗದಲ್ಲಿ ಒಂದಾದ ಮೇಲೊಂದು ಮಿನುಗಿಸಿ. ಪಕ್ಕಪಕ್ಕ ಇದ್ದರೆ ಕಣ್ಣು ಅತ್ತಿಂದಿತ್ತ ಹೋಗುವಷ್ಟರಲ್ಲಿ ನೆನಪು ಜಾರುತ್ತದೆ. ಒಂದೇ ಜಾಗದಲ್ಲಿ ಮಿನುಗಿದರೆ ಬದಲಾದ ಭಾಗ ಜಿಗಿದಂತೆ ಕಾಣುತ್ತದೆ. 1930ರಲ್ಲಿ ಅಮೆರಿಕದ ಲೊವೆಲ್ ವೀಕ್ಷಣಾಲಯದಲ್ಲಿ ಕ್ಲೈಡ್ ಟೊಂಬಾ ಜನವರಿ 23 ಮತ್ತು 29ರ ಎರಡು ಫೋಟೊ ಫಲಕಗಳನ್ನು ಹೀಗೆ ಮಿನುಗಿಸುವ ಯಂತ್ರದಲ್ಲಿ ನೋಡಿಯೇ ಅಸಂಖ್ಯ ಚುಕ್ಕಿಗಳ ನಡುವೆ ಜಾಗ ಬದಲಿಸಿದ ಒಂದು ಚುಕ್ಕಿಯನ್ನು, ಪ್ಲೂಟೊವನ್ನು, ಹಿಡಿದದ್ದು.

ವಿಂಡೋಸ್‌ನಲ್ಲಿ ವಿನ್‌ಮರ್ಜ್ ಹಾಕಿಕೊಳ್ಳಿ, ಉಚಿತ. ಎರಡು ಚಿತ್ರಗಳನ್ನು ತೆರೆದರೆ ಬೇರೆಯಾದ ಜಾಗಗಳ ಮೇಲೆ ಬಣ್ಣದ ಚೌಕ ಬೀಳುತ್ತದೆ. ಎಷ್ಟು ಬಣ್ಣವ್ಯತ್ಯಾಸ ಕ್ಷಮಿಸಬೇಕು ಎಂದು ಹೇಳುವ ‘ಸಿಡಿ ಥ್ರೆಶೋಲ್ಡ್’ ಪಟ್ಟಿಯನ್ನು ಸ್ವಲ್ಪ ಸರಿಸಿದರೆ ಜೆಪೆಗ್ ಗದ್ದಲ ಹೋಗಿ ನಿಜವಾದ ಚೌಕಗಳು ಉಳಿಯುತ್ತವೆ. ಅಲ್ಲೇ ಓವರ್‌ಲೇ ಎಂಬಲ್ಲಿ ಆಲ್ಫಾ ಅನಿಮೇಷನ್ ಆರಿಸಿದರೆ ಒಂದು ಚಿತ್ರ ಕರಗಿ ಇನ್ನೊಂದಾಗುತ್ತದೆ. ಇದೂ ಬೇಡ ಎಂದರೆ ಎರಡೂ ವಿನ್ಯಾಸಗಳನ್ನು ಒಂದೇ ಅಳತೆಯ ಪಿಎನ್‌ಜಿ ಮಾಡಿ ಖಾಲಿ ಫೋಲ್ಡರಿನಲ್ಲಿಟ್ಟು, ಫೋಟೊ ತೋರಿಸುವ ಯಾವುದೇ ತಂತ್ರಾಂಶದಲ್ಲಿ ಪೂರ್ತಿ ಪರದೆಗೆ ತೆರೆದು ಬಾಣದ ಕೀಲಿಯನ್ನು ಸೆಕೆಂಡಿಗೊಮ್ಮೆ ಅತ್ತಿತ್ತ ಒತ್ತಿ. ಒಂದು ಚಿತ್ರದಿಂದ ಇನ್ನೊಂದಕ್ಕೆ ಜಾರುವ ಅಥವಾ ಮಸುಕಾಗುವ ಪರಿಣಾಮ ಇದ್ದರೆ ಸೆಟ್ಟಿಂಗ್ಸ್‌ನಲ್ಲಿ ಅದನ್ನು ತೆಗೆದಿರಿ. ಲೇಬಲ್‌ನ ಕೆಳಗಿನ ಸಣ್ಣ ಅಕ್ಷರಗಳನ್ನು, ನಿವ್ವಳ ತೂಕ, ಎಂಆರ್‌ಪಿ, ಪರವಾನಗಿ ಸಂಖ್ಯೆಗಳನ್ನು, ಪ್ರತ್ಯೇಕವಾಗಿ ಕತ್ತರಿಸಿ ದೊಡ್ಡದಾಗಿ ಮಿನುಗಿಸಿ ನೋಡಿ.